ಸಣಕಲು ನೆರಳು

ನಮ್ಮ ಊರಿನಲ್ಲಿ ದಪ್ಪಗಿರುವವರಿಗೆ ಮರ್ಯಾದೆ ಜಾಸ್ತಿ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಅವಳನ್ನು ಅಂಗಳಕ್ಕೆ ಕರೆದು ಬಿಸಿಲಿನಲ್ಲಿ ನಿಲ್ಲಿಸುತ್ತಾರೆ. ನೆರಳು ಅಗಲವಾಗಿ ಬಿದ್ದರೆ ಹೂವು ಮುಡಿಸುತ್ತಾರೆ, ಇಲ್ಲದಿದ್ದರೆ ಚಹಾ ಕುಡಿದು ಹೊರಡುತ್ತಾರೆ. ನನ್ನನ್ನು ಹೀಗೆ ಏಳು ಸಲ ಬಿಸಿಲಿಗೆ ನಿಲ್ಲಿಸಿದ್ದರು. ಏಳನೆಯ ಸಲ ಬಂದಿದ್ದ ಹುಡುಗನ ಚಿಕ್ಕಮ್ಮ, "ಈ ನೆಳ್ಳಾಗ ಬೆಕ್ಕಿನ ಮರೀನೂ ಅಡಗೂದಿಲ್ಲ ಬಿಡ್ರಿ" ಎಂದು ನನ್ನ ಅಪ್ಪನಿಗೆ ಕೇಳುವಂತೆಯೇ ಹೇಳಿದಳು. ಆವತ್ತು ನಾನು ಅಂಗಳದಿಂದ ಒಳಗೆ ಬಂದವಳು ನೇರವಾಗಿ ಹೊಲಿಗೆ ಯಂತ್ರದ ಮುಂದೆ ಕುಳಿತೆ. ಈಗ ನನಗೆ ಐವತ್ತೆಂಟು. ಹೆಸರು ರೂತವ್ವ, ಊರವರಿಗೆ ರೂತಕ್ಕ. ಅದೇ ಯಂತ್ರ, ಅದೇ ಕಿಟಕಿ, ಅದೇ ಸಣಕಲು ನೆರಳು.

ಹೊರಗಿನವರಿಗಾಗಿ ನಮ್ಮ ಊರಿನ ರಿವಾಜು ಒಂದಿಷ್ಟು ಹೇಳಬೇಕು. ಕಷ್ಟದಲ್ಲಿರುವವರು ಯಾರದಾದರೂ ನೆರಳಿನಲ್ಲಿ ನಿಂತು ಕೇಳಿಕೊಳ್ಳುತ್ತಾರೆ. ನೆರಳಿನವರು "ಇರು" ಎಂದರೆ ಮುಗಿಯಿತು, ಆಮೇಲೆ ಆ ಮನುಷ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ದನಿ ನೆರಳು ಕೊಟ್ಟವರಿಗೆ ಮಾತ್ರ ಕೇಳಿಸುತ್ತದೆ. ಒಂದು ನೆರಳಿಗೆ ಒಬ್ಬರೇ. ಯಾಕೆ ಬಂದೆ ಎಂದು ಕೇಳುವಂತಿಲ್ಲ, ಹೋಗು ಎನ್ನುವಂತಿಲ್ಲ, ಹೋಗುವುದಿದ್ದರೆ ಅವರೇ ಹೋಗಬೇಕು. ನೆರಳು ಕೊಟ್ಟವರ ಮೇಲೆ ಯಾರೂ ಕೈ ಮಾಡಬಾರದು, ಅದು ಊರಿನ ಮೇಲೆಯೇ ಕೈ ಮಾಡಿದ ಹಾಗೆ. ತುಂಬಿದ ನೆರಳಿನವರನ್ನು ಯಾರಾದರೂ ಕೇಳಿದರೆ "ಮುಂದಿನ ಮನಿ ನೋಡ್ರಿ" ಎಂದಷ್ಟೇ ಹೇಳಬೇಕು, ಯಾರಿದ್ದಾರೆ ಎಂದು ಬಾಯಿ ಬಿಡಬಾರದು. ಖಾನಾವಳಿಯ ದ್ಯಾವಪ್ಪ ಊಟಕ್ಕೆ ಬಂದವರನ್ನು "ಒಂದೋ ಎರಡೋ?" ಎಂದು ಕೇಳಿಯೇ ತಟ್ಟೆ ಹಾಕುತ್ತಾನೆ. ಬೆಳಗಿನ ಹೊತ್ತು ಗೋಡೆಯ ಪಕ್ಕ ನಡೆಯುವಾಗ ನಾವು ನಿಧಾನವಾಗಿ ನಡೆಯುತ್ತೇವೆ, ನೆರಳಿನಲ್ಲಿರುವವರ ತಲೆ ಗೋಡೆಗೆ ತಾಗಬಾರದಲ್ಲ. ಕತ್ತಲಾದ ಮೇಲೆ ಇದಾವ ತಾಪತ್ರಯವೂ ಇಲ್ಲ, ಕತ್ತಲು ಎಲ್ಲರದೂ.

ತೊಂದರೆ ಇರುವುದು ನಡುಹಗಲಿನಲ್ಲಿ. ಸೂರ್ಯ ನೆತ್ತಿಗೆ ಬಂದಾಗ ನೆರಳು ಕಾಲಡಿಗೆ ಸೇರಿಬಿಡುತ್ತದೆ. ಆಗ ಹೊರಗಿದ್ದರೆ ನೆರಳಿನಲ್ಲಿದ್ದವರು ನಡುಬೀದಿಯಲ್ಲಿ ಎಲ್ಲರಿಗೂ ಕಾಣಿಸಿಕೊಳ್ಳುತ್ತಾರೆ. ಅದಕ್ಕೇ ಅಷ್ಟರಲ್ಲಿ ಎಲ್ಲರೂ ಮನೆ ಸೇರಿ, ಬಾಗಿಲು ಹಾಕಿ, ಕಂದೀಲು ಹಚ್ಚಿಕೊಂಡು ಕೂರುತ್ತೇವೆ. ಕಂದೀಲು ಹತ್ತಿರವಿದ್ದಷ್ಟೂ ನೆರಳು ದೊಡ್ಡದು. ಹೊತ್ತಾಯಿತು, ಒಳಗೆ ಹೋಗಿ ಎಂದು ಎಚ್ಚರಿಸಲು ಚರ್ಚಿನ ಗಂಟೆ ಬಾರಿಸುತ್ತಾರೆ. ನಲವತ್ತು ವರ್ಷದಿಂದ ಆ ಗಂಟೆ ಬಾರಿಸುತ್ತಿದ್ದವರು ಸಮಾಧಾನಪ್ಪ ಅಯ್ಯನವರು, ನಮ್ಮ ಚರ್ಚಿನ ಪಾದ್ರಿಗಳು. ಚರ್ಚಿನ ಮೆಟ್ಟಿಲ ಮೇಲೆ ತಮ್ಮ ನೆರಳನ್ನೇ ಗೇಣು ಹಾಕಿ ಅಳೆದು, ಎರಡು ಗೇಣಿಗೆ ಬಂದ ಕೂಡಲೇ ಹಗ್ಗ ಎಳೆಯುತ್ತಿದ್ದರು. ಹಿಂದೂಗಳು, ಸಾಬರು, ನಾವು ಎಲ್ಲರೂ ಅದೇ ಗಂಟೆ ನಂಬಿ ಬದುಕಿದವರು.

ಅಯ್ಯನವರು ಭಾರೀ ಆಳು. ಅವರ ನಿಲುವಂಗಿ ಹೊಲಿಯಲು ನನಗೆ ಮೂರು ದಿನ ಬೇಕಾಗುತ್ತಿತ್ತು. ಅಳತೆ ಕೊಡಲು ಬಂದಾಗಲೆಲ್ಲ ಅವರು ಒಂದು ಪದದ ವಿಷಯ ಎತ್ತುತ್ತಿದ್ದರು. ನಮ್ಮ ಚರ್ಚಿನ ಬಾಗಿಲ ಮೇಲಿನ ಕಲ್ಲಿನಲ್ಲಿ ಹಿಂದಿನವರು ಯಾರೋ ಮೂರು ಹೀಬ್ರೂ ಅಕ್ಷರ ಕೆತ್ತಿಸಿದ್ದರು. ಅದನ್ನು ಸೇತೆರ್ ಎಂದು ಓದಬೇಕಂತೆ. ಕೆಳಗೆ ಕನ್ನಡದ ಅರ್ಥಕ್ಕೆ ಜಾಗ ಬಿಟ್ಟಿದ್ದರು, ಅದು ಖಾಲಿಯೇ ಉಳಿದಿತ್ತು. ಅಯ್ಯನವರು ಒಂದು ನೋಟುಬುಕ್ಕಿನಲ್ಲಿ ಅರ್ಥ ಬರೆಯುವುದು, ಹೊಡೆದು ಹಾಕುವುದು, ಮತ್ತೆ ಬರೆಯುವುದು ಮಾಡುತ್ತಿದ್ದರು. ಕೋಟೆ ಎಂದು ಬರೆದು ಹೊಡೆದು ಹಾಕಿದ್ದರು, ಕೋಟೆಗೆ ಬಾಗಿಲಿರುತ್ತದೆ, ಬಾಗಿಲಿದ್ದಲ್ಲಿ ಕೀಲಿ ಹಿಡಿದವನೊಬ್ಬ ಇರುತ್ತಾನೆ ಎಂಬ ಕಾರಣಕ್ಕೆ. ಗವಿ ಎಂದು ಬರೆದು ಅದನ್ನೂ ಹೊಡೆದಿದ್ದರು, ಗವಿಗೆ ಒಳಗಿರುವವರ ಗೊಡವೆ ಇಲ್ಲವಂತೆ. ಒಬ್ಬ ಪ್ರವಾದಿಯ ಮಾತಿನಲ್ಲಿ ಬಿರುಗಾಳಿ ಬಂದಾಗ ಒಬ್ಬ ಮನುಷ್ಯನೇ ಇನ್ನೊಬ್ಬನಿಗೆ ಹೀಗೆ ಆಗುತ್ತಾನೆ ಎಂದಿದೆಯಂತೆ, ಅಲ್ಲಿಯೂ ಇದೇ ಪದ. ಯಾರಿಗೂ ತಿಳಿಯದ ಹಾಗೆ ಮಾಡಿದ ತಪ್ಪಿನ ಮಾತು ಬಂದಲ್ಲಿಯೂ ಇದೇ ಪದ ಎಂದು ಹೇಳಿ ತಲೆ ಕೆರೆದುಕೊಳ್ಳುತ್ತಿದ್ದರು. ಮರೆ ಅಂತ ಬರೆದು ಮುಗಿಸಿಬಿಡಬಾರದೇ ಎಂದು ನಾನು ಒಮ್ಮೆ ಕೇಳಿದೆ. ಅಳತೆಗೆ ಕೈ ಎತ್ತಿ ನಿಂತು ಮಾತು ಬೆಳೆಸುವವರ ಮೇಲೆ ನನಗೆ ಸ್ವಲ್ಪ ಸಿಟ್ಟು.

"ಮರೆ ಅಂದ್ರ ಅರ್ಧಾ ಆತು ರೂತವ್ವ. ಯಾರು ಮರೆ ಆದ್ರು ಅನ್ನೂದು ಅದರಾಗ ಬರಲಿಲ್ಲ" ಎಂದರು. ನಾನು ಅಳತೆಯ ಪಟ್ಟಿಯನ್ನು ಅವರ ಹೊಟ್ಟೆಯ ಸುತ್ತ ಬಿಗಿಯಾಗಿ ಎಳೆದೆ.

ನನ್ನ ನೆರಳನ್ನು ಮೊಟ್ಟಮೊದಲು ಕೇಳಿದವನು ಭರಮಪ್ಪ. ನಾಲ್ಕು ವರ್ಷದ ಹಿಂದಿನ ಮಾತು. ಅವನು ಗೌಂಡಿ, ಊರಿನ ಅರ್ಧ ಮನೆಗಳ ಗೋಡೆ ಅವನದೇ ಕೈಯವು. ಸಂತೆಕಟ್ಟೆಯ ಗೋಡೆಯನ್ನು ಸಂತೆಯ ದಿನಕ್ಕೆ ಮುಗಿಸಿ ಕೊಡುತ್ತೇನೆ ಎಂದು ಒಪ್ಪಿಕೊಂಡವನು, ಕೆಳಗಿನ ಕಲ್ಲಿನ ವರಸೆಯ ಕೆಸರು ಆರುವ ಮೊದಲೇ ಮೇಲೆ ಮೂರು ವರಸೆ ಏರಿಸಿದ. ಆ ಸಂಜೆ ಬಾಳವ್ವ ಎಂಬ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ ಅದೇ ಗೋಡೆಯ ನೆರಳಿಗೆ ದಣಿವಾರಿಸಿಕೊಳ್ಳಲು ಕುಳಿತಳು. ಗೋಡೆ ಅವಳ ಮೇಲೆ ಬಿತ್ತು. ಅವಳ ತಮ್ಮ ಗಾಣದ ಫಕೀರಪ್ಪ ಎತ್ತು ಹೊಡೆಯುವ ಬಾರುಕೋಲು ಹಿಡಿದು ಗೌಂಡಿಯನ್ನು ಹುಡುಕುತ್ತ ಬೀದಿ ಬೀದಿ ತಿರುಗಿದ. ಸಿಕ್ಕಿದ್ದರೆ ಕೊಂದೇ ಬಿಡುತ್ತಿದ್ದ.

ಕೈಯಲ್ಲಿ ಇನ್ನೂ ಹಸಿ ಕೆಸರಿದ್ದ ಭರಮಪ್ಪ ನನ್ನ ಕಿಟಕಿಯ ಹೊರಗೆ, ನನ್ನ ನೆರಳು ಬಿದ್ದಿದ್ದ ಜಾಗದಲ್ಲಿ ಬಂದು ನಿಂತ. ಅಷ್ಟು ಹೊತ್ತಿಗೆ ಎಂಟು ದಪ್ಪ ಜನರನ್ನು ಕೇಳಿ, ಎಂಟೂ ಕಡೆ ಮುಂದಿನ ಮನೆ ನೋಡು ಎನ್ನಿಸಿಕೊಂಡು ಬಂದಿದ್ದನಂತೆ. ನಾನು "ಇರು" ಎಂದೆ. ದಯೆಯಿಂದ ಎಂದು ಹೇಳಿಕೊಳ್ಳಲು ಆಸೆ, ಆದರೆ ಸುಳ್ಳು ಹೇಳಿ ಏನು ಮಾಡಲಿ? ಐವತ್ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಜಂಬಕ್ಕೆ ಎಂದೆ. ಆ ಏಳನೆಯ ಚಿಕ್ಕಮ್ಮ ಎಲ್ಲಿದ್ದರೂ ಬಂದು ನೋಡಲಿ ಎಂದುಕೊಂಡೆ.

ಜಂಬ ಎರಡು ದಿನಕ್ಕೆ ಇಳಿಯಿತು. ಅವನ ಭುಜ ನನ್ನ ಭುಜದ ಎರಡರಷ್ಟು. ಅಡ್ಡ ನಿಂತು, ಉಸಿರು ಬಿಗಿಹಿಡಿದು ಅವನು ನನ್ನ ನೆರಳಿನಲ್ಲಿ ಹಿಡಿಸಬೇಕಾಗಿತ್ತು. ನಾನು ಮೂವತ್ತು ನೆರಿಗೆಯ ಲಂಗ ಹೊಲಿದುಕೊಂಡೆ, ಸೀರೆಯ ಮೇಲೆ ಶಾಲು ಹೊದ್ದೆ, ಬೇಸಿಗೆಯಲ್ಲಿಯೂ ಹೊದ್ದೆ. ಮೊದಲ ತಿಂಗಳು ಅವನು ಒಂದು ಮಾತನ್ನೂ ಆಡಲಿಲ್ಲ, ಬರೀ ಅಳುತ್ತಿದ್ದ. ಆ ಅಳು ಕೇಳುತ್ತಿದ್ದವಳು ನಾನೊಬ್ಬಳೇ, ಯಂತ್ರ ಜೋರಾಗಿ ತುಳಿದರೂ ಕೇಳುತ್ತಿತ್ತು. ಬಾಳವ್ವನ ನೆನಪಾಗಿ ಅವನ ಮೇಲೆ ನನಗೆ ಕೋಪ ಬರುತ್ತಿತ್ತು, ತಟ್ಟೆಯನ್ನು ಕುಕ್ಕಿ ಇಡುತ್ತಿದ್ದೆ. ಆಮೇಲಾಮೇಲೆ ಅವನು ಸುಮ್ಮನೆ ಕೂರಲಾರದೆ ಸೂಜಿ ಕೇಳಿದ. ಗೌಂಡಿಯ ಕೈಗೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದು ಎಷ್ಟು ಚೆನ್ನಾಗಿ ಬಂತೆಂದರೆ, ರೂತಕ್ಕನ ಕೈ ವಯಸ್ಸಾದ ಮೇಲೆ ಪಳಗಿತು ಎಂದು ಊರವರು ಹೊಗಳತೊಡಗಿದರು. ಎರಡು ತಟ್ಟೆ ಬಡಿಸುವುದು ನನಗೆ ರೂಢಿಯಾಯಿತು. ಜೀವನದಲ್ಲಿ ಮೊದಲ ಬಾರಿ ನನ್ನ ಅಡುಗೆಗೆ ಉಪ್ಪು ಕಡಿಮೆ ಎನ್ನುವವರು ಒಬ್ಬರಿದ್ದರು.

ಒಂದು ಮಾತು ಮಾತ್ರ ಅವನ ಬಾಯಿಯಿಂದ ಬರಲಿಲ್ಲ. ಗೋಡೆ ಬಿದ್ದಾಗ ಅವನು ಅಲ್ಲೇ ಇದ್ದ, ಕೆಸರು ಹಚ್ಚುವ ಕರಣಿ ತೊಳೆಯುತ್ತಿದ್ದ. ಏನು ನೋಡಿದ, ಏನು ಕೇಳಿದ ಎನ್ನುವುದನ್ನು ಅವನು ಹೇಳಲಿಲ್ಲ, ನಾನು ಕೇಳುವಂತಿರಲಿಲ್ಲ.

ಬಾಳವ್ವನ ಮಗಳು ಕಲ್ಲವ್ವನನ್ನು ಸೋದರಮಾವ ಫಕೀರಪ್ಪನೇ ಸಾಕಿದ. ಸಾಕಿದ್ದು ನಿಜ, ಉಣ್ಣಲು ಉಡಲು ಕಡಿಮೆ ಮಾಡಲಿಲ್ಲ. ಹುಡುಗಿಗೆ ಹದಿನೆಂಟು ತುಂಬುತ್ತಲೇ, ಹೆಂಡತಿ ಸತ್ತು ಒಂಟಿಯಾಗಿದ್ದ ಅವನು ತಾನೇ ಮದುವೆಯಾಗುವುದಾಗಿ ಹೇಳಿದ. ಅಕ್ಕನ ಮಗಳು ತನ್ನ ಹಕ್ಕು, ಹೊರಗಿನವರಿಗೆ ಕೊಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ಅವನ ವಾದ. ಅವಳು ಒಲ್ಲೆ ಎಂದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಗೆ ಎಂಟು ದಿನ ಇರುವಾಗ ಕಲ್ಲವ್ವ ಕಾಣೆಯಾದಳು. ಯಾರದೋ ನೆರಳು ಸೇರಿದ್ದಾಳೆ ಎಂದು ಎಲ್ಲರಿಗೂ ತಿಳಿಯಿತು, ಯಾರದು ಎಂದು ಯಾರೂ ಕೇಳಲಿಲ್ಲ. ಫಕೀರಪ್ಪ ಊರಿನಲ್ಲೇ ದೊಡ್ಡ ದೇಹದವನು, ಅವನ ನೆರಳಿನಲ್ಲಿ ಒಂದು ಎಮ್ಮೆ ಮಲಗಬಹುದು. ಆದರೆ ಅಲ್ಲಿ ಯಾವತ್ತೂ ಯಾರೂ ನಿಂತು ಕೇಳಿದ್ದನ್ನು ನಾನು ಕಾಣೆ.

ಒಂದು ತಿಂಗಳು ಕಳೆಯಿತು. ಒಂದು ದಿನ ಬೆಳಗಿನ ಜಾವ ಅಯ್ಯನವರು ತೀರಿಕೊಂಡರು. ನೋಡಲು ಓಡಿಬಂದವರಿಗೆ ಮಂಚದ ಪಕ್ಕ ಕಲ್ಲವ್ವ ಕಾಣಿಸಿದಳು. ಸತ್ತವರ ನೆರಳು ಯಾರನ್ನೂ ಕಾಯುವುದಿಲ್ಲ. ಹುಡುಗಿ ಅಯ್ಯನವರ ತಣ್ಣಗಿನ ಕೈ ಹಿಡಿದುಕೊಂಡು ನಿಂತಿದ್ದಳು. ಫಕೀರಪ್ಪನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಬಾರುಕೋಲು ಹೆಗಲ ಮೇಲಿಟ್ಟುಕೊಂಡು ಬಂದ, ದೊಡ್ಡ ಮನುಷ್ಯನ ಮಣ್ಣು ಆಗಲಿ, ಆದ ಮೇಲೆ ನನ್ನ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಸಮಾಧಿಯ ತೋಟದ ಗೇಟಿನಲ್ಲಿ ಕುಳಿತ. ಅಲ್ಲಿಗೆ ಇದ್ದದ್ದು ಅದೊಂದೇ ಗೇಟು.

ಕಲ್ಲವ್ವನಿಗೆ ಮಣ್ಣು ಮುಗಿಯುವವರೆಗೆ ವೇಳೆ ಇತ್ತು. ಅವಳು ಶವದ ಹಿಂದೆ ನಡೆಯುತ್ತಲೇ ಒಬ್ಬೊಬ್ಬರನ್ನೂ ಕೇಳುತ್ತ ಬಂದಳು. ಖಾನಾವಳಿಯ ದ್ಯಾವಪ್ಪನನ್ನು ಕೇಳಿದಳು, ಹೆಡ್‌ಮಾಸ್ತರರನ್ನು ಕೇಳಿದಳು, ಬಳೆ ಮಾರುವ ಹುಸೇನಬಿಯನ್ನು ಕೇಳಿದಳು. ಎಲ್ಲರೂ ಕಣ್ಣು ತುಂಬಿಕೊಂಡು ಮುಂದಿನ ಮನೆ ನೋಡವ್ವ ಎಂದರು. ಊರಿನ ತುಂಬ ಇಷ್ಟೊಂದು ಜನ ಅಡಗಿದ್ದಾರೆಯೇ ಎಂದು ನನಗೆ ಆವತ್ತೇ ಗೊತ್ತಾದದ್ದು. ಕಡೆಗೆ ಅವಳು ನನ್ನ ಹತ್ತಿರ ಬಂದು, ನನ್ನ ಗೇಣಗಲದ ನೆರಳಿನ ಅಂಚಿನಲ್ಲಿ ಕಾಲಿಟ್ಟು, "ಅಕ್ಕಾ, ನಿಮ್ಮದು ಖಾಲಿ ಇರಬೇಕಲ್ಲ" ಎಂದಳು. ಆ ಮಾತಿನಲ್ಲಿ ಹಂಗಿಸುವುದೇನೂ ಇರಲಿಲ್ಲ. ನನ್ನಂಥವಳ ನೆರಳಿನಲ್ಲಿ ಯಾರಿರುತ್ತಾರೆ ಎಂಬ ಭರವಸೆಯಿಂದಲೇ ಬಂದಿದ್ದಳು.

"ಮುಂದಿನ ಮನಿ ನೋಡವ್ವ" ಎಂದೆ. ಅವಳ ತಾಯಿಯನ್ನು ಕೊಂದ ಗೋಡೆ ಕಟ್ಟಿದವನನ್ನು ಮೈಗಂಟಿಸಿಕೊಂಡು ಅವಳಿಗೆ ಹೀಗೆ ಹೇಳಿದೆ. ಅವಳು ತಲೆಯಾಡಿಸಿ ಮುಂದಕ್ಕೆ ಹೋದಳು. ನನ್ನ ಮುಂದೆ ಇನ್ನು ಯಾರೂ ಉಳಿದಿರಲಿಲ್ಲ. ನೆರಳಿನೊಳಗಿನಿಂದ ಭರಮಪ್ಪ, "ಅಕ್ಕಾ, ಏನ್ ಮಾಡಿದ್ವಿ ನಾವು?" ಎಂದ.

ಮಣ್ಣಿನ ಕಾರ್ಯ ಬೆಳೆಯಿತು. ನಲವತ್ತು ವರ್ಷದ ಪಾದ್ರಿ, ಹಾಡಬೇಕೆನ್ನುವವರು, ಮಾತಾಡಬೇಕೆನ್ನುವವರು ಬಹಳ. ಹೆಡ್‌ಮಾಸ್ತರರು ಬರೆದುಕೊಂಡು ಬಂದಿದ್ದರು. ಹುಸೇನಬಿ ಎರಡು ಮಾತು ಹೇಳಿ ಅತ್ತಳು. ಎಲ್ಲರೂ ಅಯ್ಯನವರ ಒಳ್ಳೆಯತನ ಹೇಳುತ್ತಿದ್ದರು, ಅವರು ದಿನವೂ ಮಾಡುತ್ತಿದ್ದ ಒಂದು ಕೆಲಸ ಮಾತ್ರ ಯಾರಿಗೂ ನೆನಪಿಗೆ ಬರಲಿಲ್ಲ. ಗಂಟೆ ಬಾರಿಸುವವರು ಪೆಟ್ಟಿಗೆಯೊಳಗಿದ್ದರು. ಗಂಟೆ ಬಾರಿಸಿಲ್ಲವಲ್ಲ, ಇನ್ನೂ ಹೊತ್ತಿದೆ ಎಂದು ನಾವೆಲ್ಲ ಬಯಲಿನಲ್ಲಿ ನಿಂತೇ ಇದ್ದೆವು. ಪೆಟ್ಟಿಗೆ ಇಳಿಸಿ, ಮೂರು ಹಿಡಿ ಮಣ್ಣು ಹಾಕಲು ನಾನು ಬಗ್ಗಿದಾಗ ನೋಡುತ್ತೇನೆ, ನನ್ನ ನೆರಳು ಇಲ್ಲ. ಕಾಲಡಿಯಲ್ಲಿ ಒಂದು ಕಪ್ಪು ಗೆರೆಯಷ್ಟು ಉಳಿದಿತ್ತು.

ತಲೆ ಎತ್ತಿದರೆ ಸಮಾಧಿಯ ತೋಟದಲ್ಲಿ ಜನ ಎರಡರಷ್ಟಾಗಿದ್ದರು. ಒಬ್ಬೊಬ್ಬರ ಪಕ್ಕಕ್ಕೂ ಒಬ್ಬೊಬ್ಬರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಹೆಡ್‌ಮಾಸ್ತರರ ಪಕ್ಕದಲ್ಲಿ ಅವರೇ ಫೇಲು ಮಾಡಿದ್ದ, ಆಮೇಲೆ ಮುಖ ತೋರಿಸದ ಒಬ್ಬ ಹಳೆಯ ವಿದ್ಯಾರ್ಥಿ ಇದ್ದ, ಅವನ ಗಡ್ಡವೂ ನರೆತಿತ್ತು. ಸತ್ತಳೆಂದು ಮನೆಯವರಿಂದ ವರ್ಷ ವರ್ಷ ತಿಥಿ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಮುದುಕಿ ಹುಸೇನಬಿಯ ಸೆರಗು ಹಿಡಿದು ನಿಂತಿದ್ದಳು. ದ್ಯಾವಪ್ಪ ಇಪ್ಪತ್ತು ವರ್ಷದಿಂದ ತನ್ನ ಅಣ್ಣನ ಜೊತೆ ಮಾತು ಬಿಟ್ಟಿದ್ದಾನೆ ಎಂದು ಊರೆಲ್ಲ ತಿಳಿದಿತ್ತು, ಅವನ ಪಕ್ಕ ನಿಂತಿದ್ದವನು ಅದೇ ಅಣ್ಣ. ನನಗೆ ನಗು ಬಂತು. ನಮ್ಮ ಊರು ಇಷ್ಟು ಒಳ್ಳೆಯದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಯಾರೂ ಯಾರನ್ನೂ ದಿಟ್ಟಿಸಲಿಲ್ಲ. ಹೇಳಿಕೊಟ್ಟ ಹಾಗೆ ಎಲ್ಲರೂ ನೆಲ ನೋಡುತ್ತ ಸೂರ್ಯ ಸರಿಯುವುದನ್ನು ಕಾದರು.

ಒಬ್ಬನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ಫಕೀರಪ್ಪ ಗೇಟಿನಲ್ಲಿ ಒಬ್ಬನೇ ನಿಂತಿದ್ದ. ಅವನು ನೆಲ ನೋಡಲಿಲ್ಲ, ಒಬ್ಬೊಬ್ಬರನ್ನೇ ನೋಡುತ್ತ ಬಂದು ಕಡೆಗೆ ನನ್ನ ಪಕ್ಕದವನ ಮೇಲೆ ಕಣ್ಣು ನಿಲ್ಲಿಸಿದ.

ಗೆರೆಯಷ್ಟಿದ್ದ ನೆರಳು ಮೆಲ್ಲಗೆ ಬೆರಳಿನಷ್ಟಾಗತೊಡಗಿತು. ಎಲ್ಲರಂತೆ ನಾನೂ ಶಾಲು ಬಿಚ್ಚಿ ಹರಡಿ, ಒಳಗೆ ಬಾ ಎಂದು ಭರಮಪ್ಪನಿಗೆ ಕಣ್ಸನ್ನೆ ಮಾಡಿದೆ. ಅವನು ನನ್ನ ಶಾಲಿನ ಅಂಚನ್ನು ಮಡಚಿ ನನ್ನ ಹೆಗಲ ಮೇಲೆಯೇ ಹಾಕಿದ. "ಸಾಕಕ್ಕ" ಎಂದ. ನಾಲ್ಕು ವರ್ಷದಲ್ಲಿ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಿಸಿಲಿನಲ್ಲಿ ನಡೆದು ಹೋಗಿ ಅಯ್ಯನವರ ಗುಂಡಿಯ ಪಕ್ಕದಲ್ಲಿ ಕಲ್ಲವ್ವನ ಮುಂದೆ ನಿಂತ.

"ನಾ ಭರಮಪ್ಪ" ಎಂದ. "ಆ ಗ್ವಾಡಿ ನಾ ಕಟ್ಟಿದ್ದು. ಕೆಸರು ಆರಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ. ರೂತಕ್ಕನ ನೆಳ್ಳು ಈಗ ಖಾಲಿ ಐತಿ, ಅಲ್ಲಿಗೆ ಹೋಗವ್ವ. ನಿನ್ನ ಮಾವನ ಕಣ್ಣು ನನ್ನ ಮ್ಯಾಲ ಇರತೈತಿ, ನೀ ಹೋಗು."

ನಾನು ಮತ್ತೆ ಶಾಲು ಹರಡಿ ನಿಂತೆ. ಹುಡುಗಿ ನನ್ನ ಕಡೆ ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಫಕೀರಪ್ಪ ಗೇಟು ಬಿಟ್ಟು ಇತ್ತ ನಡೆಯತೊಡಗಿದ್ದ, ಜನ ಅವನಿಗೆ ದಾರಿ ಬಿಟ್ಟರು. ಅಷ್ಟರಲ್ಲಿ ಅವಳು ಕೇಳಿದ ಮಾತು ಸುತ್ತ ನಿಂತವರಿಗೆಲ್ಲ ಕೇಳಿಸಿತು.

"ನಮ್ಮವ್ವ ಕೂಗಿದ್ಲೇನು?"

ಭರಮಪ್ಪ ತನ್ನ ಎರಡೂ ಅಂಗೈ ನೋಡಿಕೊಂಡ. "ಕೂಗಿದ್ಲವ್ವ. ಕಲ್ಲೀ ಅಂತ ಕೂಗಿದ್ಲು. ಎರಡು ಸಲ. ನಾ ಕೈಲಿಂದ ಮಣ್ಣು ತಗದೆ, ತಗಿಯೂದರಾಗ ಸುಮ್ಮನಾದ್ಲು. ಮಂದಿ ಬರೂ ಸಪ್ಪಳ ಕೇಳಿ ಓಡಿದೆ. ಇದನ್ನ ನಿನಗ ಅವತ್ತ ಹೇಳಬೇಕಾಗಿತ್ತು."

ನಾಲ್ಕು ವರ್ಷ ಈ ಮಾತು ನನ್ನ ನೆರಳಿನಲ್ಲಿತ್ತು. ಅವನನ್ನು ಮುಚ್ಚಿಟ್ಟುಕೊಳ್ಳುತ್ತ ನಾನು ಈ ಹುಡುಗಿಯ ತಾಯಿಯ ಕೊನೆಯ ಮಾತನ್ನೂ ಮುಚ್ಚಿಟ್ಟುಕೊಂಡಿದ್ದೆ. ಮುಚ್ಚಿಟ್ಟ ತಪ್ಪಿಗೂ ಅದೇ ಪದ ಎಂದು ಅಯ್ಯನವರು ತಲೆ ಕೆರೆದುಕೊಂಡದ್ದು ಯಾಕೆಂದು ಆಗ ನನಗೆ ತಿಳಿಯಿತು, ತಿಳಿದು ನಾಚಿಕೆಯಾಯಿತು.

ಕಲ್ಲವ್ವ ಅಳಲಿಲ್ಲ. ನನ್ನ ಶಾಲಿನ ಕಡೆ ಒಮ್ಮೆ ನೋಡಿದಳು, ಬರುತ್ತಿದ್ದ ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು ಭರಮಪ್ಪನ ಕಾಲಡಿಯಲ್ಲಿ ಬಿದ್ದಿದ್ದ ಅಂಗೈಯಷ್ಟು ನೆರಳಿನ ಮೇಲೆ ನಿಂತಳು. ಯಾಕೆ ಹಾಗೆ ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ರಿವಾಜು ನಮ್ಮಲ್ಲಿಲ್ಲ. ತಾಯಿಯ ದನಿ ಕಡೆಯದಾಗಿ ಕೇಳಿದ ಕಿವಿ ಅವನದಾಗಿತ್ತು, ಅದಕ್ಕೇ ಇರಬಹುದು. ಭರಮಪ್ಪ ಕಾಲೆರಡನ್ನೂ ನೆಲಕ್ಕೆ ಊರಿ ನಿಂತ. "ಇರು" ಎಂದ. ಹುಡುಗಿ ಮೊಣಕಾಲು ಎದೆಗೆ ಮಡಚಿ, ತಲೆ ತಗ್ಗಿಸಿ, ಅವನ ಪಾದದ ಹತ್ತಿರ ಮುದುಡಿ ಕುಳಿತಳು. ಕುಳಿತದ್ದು ಕಂಡಿತು, ಆಮೇಲೆ ಕಾಣಲಿಲ್ಲ.

ಫಕೀರಪ್ಪ ಬಂದು ನಿಂತ. ಪಕ್ಕಕ್ಕೆ ಸರಿ ಎಂದ. ಭರಮಪ್ಪ ಸರಿಯಲಿಲ್ಲ. ಅವನು ಬೆರಳಗಲ ಆಚೀಚೆ ಆದರೂ ಹುಡುಗಿ ಹೊರಗೆ ಬೀಳುತ್ತಾಳೆ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಫಕೀರಪ್ಪ ಬಾರುಕೋಲು ಎತ್ತಿ ಬೀಸಿದ. ನೆರಳು ಕೊಟ್ಟವರ ಮೈ ಮೇಲೆ ಕೈ ಮಾಡಿದ್ದನ್ನು ನಮ್ಮ ಊರು ಅದೇ ಮೊದಲು ನೋಡಿದ್ದು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೊದಲ ಏಟು ಬೆನ್ನಿಗೆ, ಎರಡನೆಯದು ಕುತ್ತಿಗೆಗೆ ಬಿತ್ತು. ಮೂರನೆಯದಕ್ಕೆ ರಕ್ತ ಬಂತು. ಭರಮಪ್ಪನ ಪಾದ ಅಲುಗಲಿಲ್ಲ. ನಾನು ಓಡಿಹೋಗಿ ಬಾರುಕೋಲು ಹಿಡಿಯಬೇಕೆಂದುಕೊಂಡೆ, ಹೋಗಲಿಲ್ಲ. ಇದನ್ನೂ ಒಪ್ಪಿಕೊಳ್ಳಬೇಕು.

ನಾಲ್ಕನೆಯ ಏಟಿಗೆ ಕೈ ಎತ್ತಿದಾಗ ಭರಮಪ್ಪ ಮಾತಾಡಿದ. "ಹುಡುಗಿ ಅಳಾಕತ್ತಾಳ ಫಕೀರಣ್ಣ. ನಿನಗ ಕೇಳೂದಿಲ್ಲ, ನನಗ ಕೇಳತೈತಿ. ಸ್ವಲ್ಪ ತಡಿ. ಹೊತ್ತು ಇಳಿಲಿ, ನೆಳ್ಳು ಉದ್ದ ಆಗ್ಲಿ, ಅಕಿಗೆ ಕಾಲು ಚಾಚಾಕ ಜಾಗ ಆಗ್ಲಿ. ಆಮ್ಯಾಲ ಎಷ್ಟರ ಹೊಡಿ. ನಾ ಎಲ್ಲೂ ಹೋಗೂದಿಲ್ಲ."

ಫಕೀರಪ್ಪನ ಕೈ ಮೇಲೆಯೇ ನಿಂತಿತು. ಅವನು ಕಿವಿಗೊಟ್ಟು ಆಲಿಸಿದ, ಹುಡುಗಿಯ ಅಳು ತನಗೂ ಕೇಳೀತೇ ಎನ್ನುವಂತೆ. ಏನೂ ಕೇಳಲಿಲ್ಲ. ತಾನೇ ಸಾಕಿದ ಹುಡುಗಿಯ ಅಳು ಈ ಗೌಂಡಿಗೆ ಕೇಳುತ್ತಿದೆ, ತನಗೆ ಕೇಳುತ್ತಿಲ್ಲ. ಅವನ ಮುಖದಲ್ಲಿ ಆದ ಬದಲಾವಣೆ ನೋಡಿ ನನಗೇ ಅಯ್ಯೋ ಎನ್ನಿಸಿತು. ಬಾರುಕೋಲು ಕೆಳಗೆ ಬಿಟ್ಟು ಗೇಟು ದಾಟಿ ಹೋದ. ಅವನ ಹಿಂದೆ ಅವನ ನೆರಳು ಖಾಲಿಯಾಗಿ ಹೋಯಿತು.

ನಾನೂ ಖಾಲಿ ನೆರಳಿನೊಂದಿಗೆ ಮನೆಗೆ ಬಂದೆ. ಶಾಲು ತೆಗೆದೆ, ಮೈ ಹಗುರವಾಯಿತು, ಆ ಹಗುರ ನನಗೆ ಬೇಡವಾಗಿತ್ತು. ರೂಢಿಯಂತೆ ಎರಡು ತಟ್ಟೆ ಹಾಕಿ, ಒಂದನ್ನು ತೆಗೆದಿಟ್ಟು ಅತ್ತೆ.

ಮಾರನೆಯ ದಿನವೇ ಭರಮಪ್ಪ ಸಂತೆಕಟ್ಟೆಯ ಗೋಡೆ ಮತ್ತೆ ಕಟ್ಟಲು ಶುರುಮಾಡಿದ. ಯಾರೂ ಹೇಳಿರಲಿಲ್ಲ. ಒಂದು ವರಸೆ ಇಟ್ಟು, ಅದು ಆರುವವರೆಗೆ ಎದುರಿಗೇ ಕುಳಿತಿರುತ್ತಿದ್ದ, ಬೆರಳಿನಿಂದ ಒತ್ತಿ ನೋಡಿ ಮುಂದಿನದು ಇಡುತ್ತಿದ್ದ. ಹತ್ತೊಂಬತ್ತು ದಿನ ಕಲ್ಲವ್ವ ಅವನ ನೆರಳಿನಲ್ಲಿದ್ದಳು. ಊರ ಹಿರಿಯರು ಫಕೀರಪ್ಪನನ್ನು ಕರೆಸಿ ಮದುವೆಯ ಮಾತು ಇನ್ನು ಎತ್ತುವುದಿಲ್ಲ ಎಂದು ಭಾಷೆ ತೆಗೆದುಕೊಂಡ ಮೇಲೆ ಅವಳು ಹೊರಗೆ ಬಂದು, ನನ್ನ ಮನೆಗೆ ಬಂದು, ಹೊಲಿಗೆ ಕಲಿಸು ಎಂದು ಅಲ್ಲೇ ಉಳಿದುಕೊಂಡಳು. ಅವಳಿಗಾಗಿ ಇನ್ನೊಂದು ಯಂತ್ರ ತರಿಸಿದೆ. ಅವಳು ಗೌಂಡಿಯನ್ನು ಕ್ಷಮಿಸಿದಳೇ ಎಂದು ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ. ಬೆಳಿಗ್ಗೆ ಅವನಿಗೆ ಬುತ್ತಿ ಒಯ್ಯುತ್ತಾಳೆ, ಗೋಡೆಯ ಮೇಲಿಟ್ಟು ಬರುತ್ತಾಳೆ, ಮಾತಾಡುವುದಿಲ್ಲ. ರೊಟ್ಟಿಗೆ ಹಚ್ಚಲು ಅಗಸಿ ಚಟ್ನಿ ಮರೆಯುವುದಿಲ್ಲ. ಈಗ ಗಂಟೆ ಬಾರಿಸುವವನು ದ್ಯಾವಪ್ಪನ ಅಣ್ಣ. ಅಯ್ಯನವರ ನೋಟುಬುಕ್ಕು ನನ್ನ ಪಾಲಿಗೆ ಬಂತು, ಅದಕ್ಕೆ ಬಟ್ಟೆಯ ಹೊದಿಕೆ ಹೊಲಿದು ಕೊಟ್ಟವಳು ನಾನೇ ಎಂಬ ಕಾರಣಕ್ಕೆ. ಹೊಡೆದು ಹಾಕಿದ ಪದಗಳ ಕೆಳಗೆ ಅರ್ಧ ಹಾಳೆ ಖಾಲಿ ಇತ್ತು.

ಹೋದ ವಾರ ಗಂಟೆ ಬಾರಿಸಿ ನಾವು ಬಾಗಿಲು ಹಾಕಬೇಕು ಎನ್ನುವಷ್ಟರಲ್ಲಿ ಫಕೀರಪ್ಪ ಬಂದ. ಕೈಯಲ್ಲಿ ಬಾರುಕೋಲು ಇರಲಿಲ್ಲ. ಆ ದಿನದಿಂದ ಊರಿನಲ್ಲಿ ಅವನ ಗಾಣಕ್ಕೆ ಕುಸುಬಿ ಒಯ್ಯುವವರಿಲ್ಲ, ಅವನೊಂದಿಗೆ ಮಾತಾಡುವವರಿಲ್ಲ. ಹೊಸ್ತಿಲ ಆಚೆ ನಿಂತು, ಕಲ್ಲವ್ವನ ಕಡೆ ನೋಡದೆ, ನನಗೆ ಹೇಳಿದ.

"ಎಲ್ಲಾರೂ ನನ್ನ ನೋಡ್ತಾರ ರೂತಕ್ಕ. ಬರೇ ನೋಡ್ತಾರ."

ನಾನೇನು ಸಂತಳಲ್ಲ. ಹೊಲಿಯುತ್ತಿದ್ದ ಲಂಗದ ಅಂಚನ್ನು ಪೂರ್ತಿ ಹೊಲಿದೆ. ದಾರ ಕಡಿದೆ. ಅವನು ನಿಂತೇ ಇದ್ದ. ಎದುರಿನ ಯಂತ್ರದಲ್ಲಿ ಕಲ್ಲವ್ವನ ಕಾಲು ತುಳಿಯುವುದನ್ನು ನಿಲ್ಲಿಸಿತ್ತು. ಇದು ಅವಳ ಮನೆಯೂ ಹೌದು, ನಾನು ಅವಳ ಮುಖ ನೋಡಿದೆ. ಅವಳು ಎದ್ದು ಹೋಗಿ, ಬತ್ತಿ ಏರಿಸಿ, ಕಂದೀಲು ಹಚ್ಚಿ ತಂದು ನನ್ನ ಮುಂದೆ ಇಟ್ಟಳು. ನನ್ನ ನೆರಳು ಹಿಂದಿನ ಗೋಡೆಯ ಮೇಲೆ ಮೂಡಿತು.

"ಇರು" ಎಂದೆ.

ಅವನು ಒಳಗೆ ಬಂದು ನನ್ನ ಬೆನ್ನ ಹಿಂದೆ ಸರಿದು ಗೋಡೆಗೆ ಒರಗಿದ. ಆಮೇಲೆ ಅವನ ಅಳು ಕೇಳಿಸತೊಡಗಿತು, ನನಗೊಬ್ಬಳಿಗೇ. ನಲವತ್ತು ವರ್ಷ ಅಯ್ಯನವರು ಬಾಗಿಲ ಮೇಲಿನ ಪದಕ್ಕೆ ಅರ್ಥ ಹುಡುಕಿ ಹುಡುಕಿ ಹೊಡೆದು ಹಾಕಿದ್ದರಲ್ಲ, ಆ ಅರ್ಥ ಊರವರೆಲ್ಲರ ಬಾಯಲ್ಲಿತ್ತು, ನನ್ನ ಬಾಯಲ್ಲಿಯೂ ಇತ್ತು. ಊಟ ಆದ ಮೇಲೆ ನೋಟುಬುಕ್ಕು ತೆಗೆದು ಈಗ ಆಡಿದ ಆ ಎರಡಕ್ಷರವನ್ನೇ ಬರೆಯಬೇಕು ಎಂದುಕೊಂಡೆ.

ಫಕೀರಪ್ಪ ಭಾರೀ ದೇಹದವನು, ನಾನು ನಿಮಗೆ ಗೊತ್ತೇ ಇರುವ ಹಾಗೆ ಕಡ್ಡಿ. ಎಷ್ಟು ಮುದುಡಿಕೊಂಡರೂ ಅವನ ಬಲ ಮೊಣಕೈ ನೆರಳಿನ ಆಚೆ ಉಳಿದಿತ್ತು, ಗೋಡೆಯ ಮೇಲೆ ಮೊಣಕೈ ಒಂದೇ ಕಾಣುತ್ತಿತ್ತು. ಕಲ್ಲವ್ವ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಕಂದೀಲನ್ನು ಒಂದು ಗೇಣು ನನ್ನ ಹತ್ತಿರಕ್ಕೆ ಸರಿಸಿದಳು.